ಟೈರ್ ಮೇಲೆ ಕೂತವನು ಕಂಡದ್ದು

1974ರಲ್ಲಿ ನಾನು ತುಮಕೂರಿನ ಒಂದು ಖಾಸಗಿ ಬಸ್ ಕಂಪನಿಗೆ ಮ್ಯಾನೇಜರ್ ಆಗಿ ಸೇರಿದೆ. ಕಂಪನಿಯ ಹೆಸರು ಇಲ್ಲಿ ಬೇಡ. ಅದು ಮುಚ್ಚಿ ಬಹಳ ಕಾಲವಾಯಿತು. ಯಜಮಾನರ ಮನೆಯವರು ಊರಲ್ಲೇ ಇದ್ದಾರೆ, ಎದುರು ಸಿಕ್ಕರೆ ಈಗಲೂ ನಿಂತು ಮಾತಾಡಿಸುತ್ತಾರೆ. ನಮ್ಮ ಬಸ್ಸುಗಳು ಒಂದು ಕಡೆ ಗುಬ್ಬಿಗೂ ಇನ್ನೊಂದು ಕಡೆ ಗೂಳೂರು, ಹೆಬ್ಬೂರು ಹಾದು ಕುಣಿಗಲ್ಲಿಗೂ ಓಡುತ್ತಿದ್ದವು. ಪರ್ಮಿಟ್ಟು, ಡೀಸೆಲ್ಲು, ಡ್ರೈವರುಗಳ ರಜೆ, ಕಂಡಕ್ಟರುಗಳ ಜಗಳ, ಶೆಡ್ಡಿನ ಸಿಬ್ಬಂದಿ ಎಲ್ಲವೂ ನನ್ನ ತಲೆಗೆ. ಬಸ್ಸು ಹೊರಡದಿದ್ದರೆ ಬೈಗುಳ ನನಗೆ, ಸರಿಯಾದ ವೇಳೆಗೆ ಹೊರಟರೆ ಹೊಗಳಿಕೆ ರಂಗಪ್ಪನಿಗೆ. ಈ ಹಂಚಿಕೆಗೆ ನಾನು ಬೇಗ ಒಗ್ಗಿಕೊಂಡೆ, ಏಕೆಂದರೆ ಹೊಗಳಿಕೆ ನಿಜವಾಗಿಯೂ ಅವನಿಗೇ ಸಲ್ಲಬೇಕಿತ್ತು.

ರಂಗಪ್ಪ ನಮ್ಮ ಹೆಡ್ ಮೆಕ್ಯಾನಿಕ್. ಹುತ್ರಿದುರ್ಗದ ಮಗ್ಗುಲಿನ ಹಳ್ಳಿಯವನು, ನಲವತ್ತು ದಾಟಿದ್ದ. ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಬಸ್ಸು ಗೇಟಿನೊಳಗೆ ತಿರುಗುವ ಸದ್ದಿಗೇ ಅದರ ಕಾಯಿಲೆ ಹೇಳಿಬಿಡುವ ಮನುಷ್ಯ. ಒಮ್ಮೆ ಮದುವೆ ದಿಬ್ಬಣದ ಬಸ್ಸು ಗುಬ್ಬಿಯ ಹತ್ತಿರ ನಿಂತುಹೋಯಿತು. ನಾನೂ ರಂಗಪ್ಪನೂ ಅಲ್ಲಿಗೆ ಓಡಿದೆವು. ಡೀಸೆಲ್ ಎಳೆಯುವ ಪಂಪಿನೊಳಗಿನ ವಾಷರ್ ಹರಿದಿತ್ತು. ಗಂಡಿನ ಕಡೆಯವರು ರಸ್ತೆ ಬದಿಯಲ್ಲಿ ನಿಂತು ನನ್ನ ಏಳು ತಲೆಮಾರನ್ನು ಸ್ಮರಿಸುತ್ತಿದ್ದಾಗ ರಂಗಪ್ಪ ತನ್ನ ಒಂದು ಚಪ್ಪಲಿಯ ಚರ್ಮ ಕತ್ತರಿಸಿ ವಾಷರ್ ಮಾಡಿ ಕೂರಿಸಿದ. ಬಸ್ಸು ಮುಹೂರ್ತಕ್ಕೆ ಮುಟ್ಟಿತು. ಅವನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ತುಮಕೂರಿಗೆ ವಾಪಸಾದ. ಯಜಮಾನರು ಮಾರನೆಯ ದಿನವೇ ಅವನಿಗೆ ಹೊಸ ಜೋಡಿ ಕೊಡಿಸಿದರು.

ಇಷ್ಟು ಬಲ್ಲವನ ಕೈಕೆಳಗೆ ಕಲಿಯುವುದು ಭಾಗ್ಯ ಎಂದು ಹೊರಗಿನವರು ಅಂದುಕೊಳ್ಳುತ್ತಿದ್ದರು. ಒಳಗಿನ ಕಥೆ ಬೇರೆ. ರಂಗಪ್ಪನ ಬಾಯಿ ಕೆಟ್ಟದ್ದು, ಮನಸ್ಸು ಅದಕ್ಕಿಂತ ಬಿಗಿ. ಬೇರೆಯವರ ಕೆಲಸ ಅರ್ಧದಲ್ಲಿದ್ದಾಗ ಹಿಂದಿನಿಂದ ಬಂದು ಪಾನಾ ಕಿತ್ತುಕೊಳ್ಳುವನು. ಪಾನಾ ಎಂದರೆ ನಟ್ಟು ಬೋಲ್ಟು ತಿರುಗಿಸುವ ಸ್ಪ್ಯಾನರ್. ಬೈಯುವುದನ್ನು ಡ್ರೈವರುಗಳು ಕಂಡಕ್ಟರುಗಳು ಸುತ್ತ ನೆರೆದ ಮೇಲೆಯೇ ಬೈಯುವನು. ಡೀಸೆಲ್ ಪಂಪು ಬಿಚ್ಚುವಾಗ ಯಾರೂ ನೋಡಿ ಕಲಿಯದ ಹಾಗೆ ಬೆನ್ನು ತಿರುಗಿಸಿ ಕೂರುವನು. ಒಳ್ಳೆಯ ಕೈಗಳು ಒಂದೊಂದಾಗಿ ನಮ್ಮ ಶೆಡ್ಡು ಬಿಟ್ಟು ಬೇರೆ ಗ್ಯಾರೇಜುಗಳಿಗೆ ಹೋದವು.

ಅವನದೇ ಒಂದು ಶಿಕ್ಷೆಯೂ ಇತ್ತು. ಗೇಟಿನ ಪಕ್ಕ ಸವೆದ ದೊಡ್ಡ ಟೈರೊಂದು ಮಲಗಿತ್ತು. ಕೆಲಸದಲ್ಲಿ ತಪ್ಪಿದವನು ಅದರ ಮೇಲೆ ಹೋಗಿ ಕೂರಬೇಕು. ಮೇಸ್ತ್ರಿ ಕರೆಯುವವರೆಗೆ ಪಾನಾ ಮುಟ್ಟುವಂತಿಲ್ಲ, ಯಾರೊಂದಿಗೂ ಮಾತಾಡುವಂತಿಲ್ಲ, ಒಂದೊಂದು ಸಲ ಮಾರನೆಯ ದಿನವೂ ಬಂದು ಕೂರಬೇಕು. ಹೋಗುವ ಬರುವ ಪ್ರತಿ ಬಸ್ಸಿನವರಿಗೂ ಅವನು ಕಾಣುತ್ತಿದ್ದ. ಶೆಡ್ಡಿನವರು ಅದನ್ನು ಸಿಂಹಾಸನ ಎಂದು ತಮಾಷೆ ಮಾಡುತ್ತಿದ್ದರು, ತಮ್ಮ ಸರದಿ ಬಂದಾಗ ನಗುತ್ತಿರಲಿಲ್ಲ. ನಾನು ಒಂದು ದಿನ ಆ ಟೈರನ್ನು ಉರುಳಿಸಿಕೊಂಡು ಹೋಗಿ ಗೋಡೌನಿಗೆ ಹಾಕಿಸಿದೆ. ಬೆಳಿಗ್ಗೆ ಬಂದು ನೋಡಿದರೆ ಅದೇ ಜಾಗದಲ್ಲಿ ಇನ್ನೊಂದು ಟೈರು! ಬಸ್ ಕಂಪನಿಯಲ್ಲಿ ಸವೆದ ಟೈರಿಗೆ ಬರವೇ?

ಆ ಟೈರಿನ ಮೇಲೆ ಹೆಚ್ಚಾಗಿ ಕೂತವನು ನಯಾಜ್. ಕುಣಿಗಲ್ಲಿನವನು, ಮದುವೆಯಾಗಿ ಒಂದು ಹೆಣ್ಣು ಮಗುವಿತ್ತು, ತುಮಕೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ. ಬ್ರೇಕ್ ಕೆಲಸದಲ್ಲಿ ಅವನ ಕೈ ಬಹಳ ಹದ. ನಿಧಾನಸ್ಥ, ಒಮ್ಮೆ ಬಿಗಿ ಮಾಡಿದ್ದನ್ನು ಮತ್ತೊಮ್ಮೆ ಮುಟ್ಟಿ ನೋಡುವ ಸ್ವಭಾವ. ಉಳಿದವರಿಗೆ ಒಂದು ಬೈಗುಳವಾದರೆ ಅವನಿಗೆ ಹತ್ತು. ಒಂದು ದಿನ ನಾನು ರಂಗಪ್ಪನನ್ನು ಪಕ್ಕಕ್ಕೆ ಕರೆದು, ಆ ಹುಡುಗನ ಮೇಲೆ ಯಾಕೆ ಇಷ್ಟು ಹಗೆ ಎಂದು ಕೇಳಿದೆ.

"ಹಗೆ ಯಾವುದು ಸಾಬ್ರೆ? ಈ ಶೆಡ್ಡಲ್ಲಿ ಮೇಸ್ತ್ರಿ ಆಗೋನು ಅಂತ ಇದ್ರೆ ಅವನೊಬ್ನೇ. ಅದಕ್ಕೇ ತಿಕ್ತೀನಿ," ಎಂದ. ಈ ಮಾತನ್ನು ಅವನಿಗೇ ಹೇಳು ಮಾರಾಯ ಎಂದರೆ, "ಹೇಳುದ್ರೆ ತಲೆ ಮೇಲೆ ಕುತ್ಕತಾನೆ ಬುಡಿ," ಎಂದು ಹೊರಟುಹೋದ.

ಯಜಮಾನರ ಹತ್ತಿರ ದೂರು ಒಯ್ದರೆ ಅವರದು ಒಂದೇ ಉತ್ತರ. "ಕರೆಯೋ ಹಸ ಒದೀತದೆ ಮ್ಯಾನೇಜರ್ರೆ. ಒದುಸ್ಕೊಂಡೇ ಹಾಲು ಕರ್ಕೋಬೇಕು." ಒದೆ ತಿನ್ನುವವರು ಬೇರೆ, ಹಾಲು ಕುಡಿಯುವವರು ಬೇರೆ ಎಂದು ನಾನು ಒಮ್ಮೆ ಹೇಳಿದೆ. ಯಜಮಾನರು ನಕ್ಕರು. ಒಳ್ಳೆಯ ಮನುಷ್ಯರೇ, ಆದರೆ ಅವರ ಕಣ್ಣು ಯಾವಾಗಲೂ ಗೇಟಿನಿಂದ ಹೊರಟ ಬಸ್ಸಿನ ಮೇಲೆ ಇರುತ್ತಿತ್ತು.

ನಾನು ಬೇರೆ ದಾರಿ ಹುಡುಕಿದೆ. ಮೊದಲು ರಂಗಪ್ಪನನ್ನು ಗುಬ್ಬಿಗೆ ಹಾಕಿಸಿದೆ. ಅಲ್ಲಿ ರಾತ್ರಿ ನಿಲ್ಲುವ ಬಸ್ಸುಗಳಿಗೆ ಒಂದು ಸಣ್ಣ ಶೆಡ್ಡಿತ್ತು. ಆ ಬಸ್ಸುಗಳು ಹೊಸದರಂತೆ ಓಡತೊಡಗಿದವು, ಅಲ್ಲಿನ ಇಬ್ಬರು ಮೆಕ್ಯಾನಿಕ್‌ಗಳು ಕೆಲಸ ಬಿಟ್ಟರು. ಅವನನ್ನು ವಾಪಸು ಕರೆಸಿ ಶೆಡ್ಡಿನ ಹಿಂಭಾಗದಲ್ಲಿ ಒಂದು ಕೋಣೆ ಖಾಲಿ ಮಾಡಿಸಿ, ಬೆಂಚು ಹಾಕಿಸಿ, ಬಾಗಿಲಿಗೆ ಪಂಪ್ ರೂಮ್ ಎಂದು ಬಣ್ಣದಲ್ಲಿ ಬರೆಸಿದೆ. ಪಂಪು ಮತ್ತು ನಾಜಲ್, ಅಂದರೆ ಡೀಸೆಲ್ ಅಳೆದು ಎಂಜಿನ್ನಿಗೆ ಸಿಂಪಡಿಸುವ ಸೂಕ್ಷ್ಮ ಭಾಗಗಳು, ಅವನ ಪಾಲಿಗೆ. ಸಂಬಳ ಅದೇ, ಮರ್ಯಾದೆ ಅದೇ, ಕೈಕೆಳಗೆ ಮಾತ್ರ ಯಾರೂ ಇಲ್ಲ. ಮನುಷ್ಯರ ಉಸ್ತುವಾರಿಯನ್ನು ನಯಾಜನಿಗೂ ಇನ್ನೊಬ್ಬ ಹಿರಿಯ ಮೆಕ್ಯಾನಿಕ್‌ಗೂ ಕೊಟ್ಟೆ. ರಂಗಪ್ಪ ಮೊದಮೊದಲು ಗುರ್ ಎಂದ, ಆಮೇಲೆ ಆ ಕೋಣೆಯಲ್ಲಿ ಸುಖವಾಗಿಯೇ ಇದ್ದ. ಒಂದೆರಡು ಸಲ ಒಳಗಿನಿಂದ ಹಾಡು ಗುನುಗುವುದೂ ಕೇಳಿಸಿತು. ಶೆಡ್ಡಿನಲ್ಲಿ ಜನ ನಗುತ್ತ ಕೆಲಸ ಮಾಡುವುದನ್ನು ನಾನು ಆ ಕೆಲವು ತಿಂಗಳಲ್ಲಿ ಮಾತ್ರ ಕಂಡೆ. ಗೇಟಿನ ಪಕ್ಕದ ಟೈರಿನ ಮೇಲೆ ಕಂಡಕ್ಟರುಗಳು ಕೂತು ಬೀಡಿ ಸೇದುತ್ತಿದ್ದರು.

1979ರಲ್ಲಿ ಕುಣಿಗಲ್ ದಾರಿಗೆ ಇನ್ನೊಂದು ಕಂಪನಿಯ ಬಸ್ಸು ಬಂತು. ಮದುವೆಯ ಕಾಲ ಬೇರೆ. ನಮ್ಮ ಒಂದು ಬಸ್ಸು ಶೆಡ್ಡಿನಲ್ಲಿ ನಿಂತರೆ ಆ ದಿನದ ಜನವೆಲ್ಲ ಎದುರು ಕಂಪನಿಗೆ. ಯಜಮಾನರು ಒಂದು ಬೆಳಿಗ್ಗೆ ನೇರ ಪಂಪ್ ರೂಮಿಗೆ ಹೋಗಿ, "ರಂಗಪ್ಪ, ಇಡೀ ಶೆಡ್ಡು ನೀನೇ ನೋಡ್ಕೊ," ಎಂದುಬಿಟ್ಟರು. ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಈ ಸೀಜನ್ ಒಂದು ಮುಗೀಲಿ ಮ್ಯಾನೇಜರ್ರೆ, ಆಮೇಲೆ ನಿಮ್ಮಿಷ್ಟ," ಎಂದರು. ವಾರ ಕಳೆಯುವುದರೊಳಗೆ ಟೈರಿನ ಮೇಲೆ ಕೂತವರ ಕೈಯಲ್ಲಿ ಬೀಡಿ ಇರಲಿಲ್ಲ.

ಕುಣಿಗಲ್ ದಾರಿಯ ಮೊದಲ ಬಸ್ಸು ಓಡಿಸುತ್ತಿದ್ದವರು ಸಿದ್ದಗಂಗಯ್ಯ. ಗುಬ್ಬಿ ಕಡೆಯ ಹಳ್ಳಿಯವರು, ನಮ್ಮಲ್ಲೆಲ್ಲ ಹಿರಿಯ ಡ್ರೈವರ್. ಹಾಲಿನ ಕೊಡ ಹೊತ್ತವರ ಹಾಗೆ ಬಸ್ಸು ಓಡಿಸುತ್ತಿದ್ದರು. ಬಸುರಿ ಹೆಂಗಸರು ಆಸ್ಪತ್ರೆಗೆ ಬರಬೇಕಾದರೆ ಅವರ ಬಸ್ಸಿಗೇ ಕಾಯುತ್ತಿದ್ದರಂತೆ. ರಂಗಪ್ಪನಿಗೆ ಎದುರಾಡುತ್ತಿದ್ದವರು ಅವರೊಬ್ಬರೇ. "ಬಾಯಿಗೂ ಒಂದು ಬ್ರೇಕ್ ಹಾಕಿಸ್ಕೊಳಯ್ಯ," ಎಂದು ಎಲ್ಲರ ಮುಂದೆ ಅನ್ನುತ್ತಿದ್ದರು. ಅವರ ಮಾತಿಗೆ ಮಾತ್ರ ರಂಗಪ್ಪ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದ.

ಆ ದಿನದ ವಿಷಯ ಹೇಳಬೇಕು. ಹಿಂದಿನ ದಿನ ನಯಾಜ್ ಒಂದು ಬಸ್ಸಿನ ಚಕ್ರ ಬಿಚ್ಚಿ ಬ್ರೇಕ್ ಸರಿಮಾಡಿ, ಮುಚ್ಚಿದ ಮೇಲೆ ಅನುಮಾನ ಬಂದು ಮತ್ತೆ ಬಿಚ್ಚಿದ್ದ. ಬಸ್ಸು ತಡವಾಯಿತು. "ಮದುವೆ ಹೆಣ್ಣಿನ ಕೆನ್ನೆ ಸವರ್ದಂಗೆ ಸವರ್ತಾ ಕುಂತವ್ನೆ," ಎಂದು ರಂಗಪ್ಪ ಶೆಡ್ಡೆಲ್ಲ ಕೇಳುವಂತೆ ಕೂಗಿ ಅವನನ್ನು ಟೈರಿಗೆ ಅಟ್ಟಿದ. ಮಾರನೆಯ ಬೆಳಿಗ್ಗೆಯೂ ಅಲ್ಲೇ ಕೂರಬೇಕೆಂದು ಅಪ್ಪಣೆಯಾಯಿತು. ಬೆಳಿಗ್ಗೆ ಅವನು ಬಂದು ಕೂತ. ಸಿದ್ದಗಂಗಯ್ಯನವರ ಬಸ್ಸು ತೊಳೆದುಕೊಂಡು ಹೊರಟಿತು. ನಾನು ಆ ಹೊತ್ತಿಗೆ ಆರ್‌ಟಿಒ ಕೆಲಸಕ್ಕೆ ಹೋಗಿದ್ದೆ.

ನಾನು ವಾಪಸಾಗುವಷ್ಟರಲ್ಲಿ ಹೆಬ್ಬೂರಿನಿಂದ ಆಫೀಸಿಗೆ ಫೋನ್ ಬಂತು. ಹೆಬ್ಬೂರು ದಾಟಿದ ಮೇಲೆ ಒಂದು ಕೆರೆ ಏರಿ, ಅದರ ತುದಿಯಲ್ಲಿ ಇಳಿಜಾರು ಮತ್ತು ತಿರುವು. ಅಲ್ಲಿ ಬ್ರೇಕ್ ಪೆಡಲ್ ಒತ್ತಿದರೆ ನೆಲಕ್ಕೆ ಹೋಯಿತು. ಎಡಕ್ಕೆ ಕೆರೆ ತುಂಬಿತ್ತು. ಸಿದ್ದಗಂಗಯ್ಯ ಬಲಕ್ಕೆ ಎಳೆದು ಹುಣಸೇಮರಕ್ಕೆ ಕೊಟ್ಟರು. ಡ್ರೈವರ್ ಕೂರುವುದು ಬಲಗಡೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಯಾಣಿಕರಿಗೆ ಪೆಟ್ಟಾಯಿತು, ಕೆಲವರ ಕೈಕಾಲು ಮುರಿಯಿತು, ಎಲ್ಲರೂ ಉಳಿದರು. ಸಿದ್ದಗಂಗಯ್ಯನವರನ್ನು ತುಮಕೂರಿಗೆ ತರುವ ದಾರಿಯಲ್ಲೇ ಜೀವ ಹೋಯಿತು.

ಅವರ ಊರಿಗೆ ದೇಹ ತೆಗೆದುಕೊಂಡು ಹೋದವರಲ್ಲಿ ನಾನೂ ಇದ್ದೆ. ಅವರ ಹೆಂಡತಿ ಅಳು ನಿಲ್ಲಿಸಿ ನನ್ನನ್ನು ಕೇಳಿದ್ದು ಒಂದೇ ಮಾತು. "ಬಸ್ಸು ಚೆನ್ನಾಗಿತ್ತಾ ಸಾಬ್ರೆ?"

ಚೆನ್ನಾಗಿತ್ತು ತಾಯಿ ಎಂದೆ. ಬ್ರೇಕ್ ಏಕೆ ಹೋಯಿತೆಂದು ಆಗ ನನಗಿನ್ನೂ ತಿಳಿದಿರಲಿಲ್ಲ.

ಆರ್‌ಟಿಒ ಕಚೇರಿಯ ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಪರೀಕ್ಷೆ ಮಾಡಿದರು. ಹಿಂದಿನ ಚಕ್ರಕ್ಕೆ ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪು ಒಳಮಗ್ಗುಲಲ್ಲಿ ಬಸ್ಸಿನ ಅಡಿಚೌಕಟ್ಟಾದ ಚಾಸಿಗೆ ಉಜ್ಜಿ ಸವೆದಿತ್ತು. ಮೊದಲು ಜಿನುಗಿ, ಆಯಿಲ್ ಕಡಿಮೆಯಾಗುತ್ತ ಹೋಗಿ, ಕೊನೆಗೆ ಜೋರಾಗಿ ಒತ್ತಿದಾಗ ಒಡೆದುಹೋಗಿದೆ ಎಂದರು. ಆ ಬಸ್ಸಿನಲ್ಲಿ ರಂಗಪ್ಪ ಮುಟ್ಟಿದ್ದದ್ದು ಎಂಜಿನ್ ಮಾತ್ರ, ಅದರ ಕೆಲಸದಲ್ಲಿ ಒಂದು ಕೂದಲೆಳೆಯ ದೋಷವೂ ಇರಲಿಲ್ಲ. ಕಾನೂನಿನ ಪ್ರಕಾರ ಇದು ಆಕಸ್ಮಿಕ, ಯಾರ ಮೇಲೂ ಕೇಸು ನಿಲ್ಲಲಿಲ್ಲ. ಯಜಮಾನರು ನಿಟ್ಟುಸಿರು ಬಿಟ್ಟರು. ರಂಗಪ್ಪ ಎರಡು ದಿನ ಅನ್ನ ಮುಟ್ಟಲಿಲ್ಲ ಎಂದು ಶೆಡ್ಡಿನವರು ಹೇಳಿದರು. ಸಿದ್ದಗಂಗಯ್ಯನವರನ್ನು ಅವನು ಅಣ್ಣನ ಹಾಗೆ ಕಾಣುತ್ತಿದ್ದ.

ಮೂರನೆಯ ದಿನ ರಂಗಪ್ಪ ನನ್ನ ಆಫೀಸಿನಲ್ಲಿ ಕೂತು ಎಲ್ಲ ಬಸ್ಸುಗಳ ಬ್ರೇಕ್ ಪೈಪು ಬದಲಾಯಿಸುವ ವಿಚಾರ ಮಾತಾಡುತ್ತಿದ್ದ. ನಯಾಜ್ ಬಾಗಿಲಲ್ಲಿ ಬಂದು ನಿಂತ. ನಾವಿಬ್ಬರೇ ಇದ್ದಾಗ ಅವನೂ ನಾನೂ ಮನೆಮಾತು ಉರ್ದುವಿನಲ್ಲೇ ಮಾತಾಡುವುದು. ಅವತ್ತು ಅವನು ಕನ್ನಡದಲ್ಲಿ ಹೇಳಿದ, ರಂಗಪ್ಪನಿಗೂ ತಿಳಿಯಲಿ ಎಂದೇ ಇರಬೇಕು.

"ನಾನ್ ನೋಡಿದ್ದೆ ಸಾಬ್. ಬಸ್ಸು ಗೇಟಿಗೆ ಬಂದಾಗ ಹಿಂದಿನ ಚಕ್ರದ ಒಳಗಡೆ ಒದ್ದೆ ಇತ್ತು. ತೊಳೆದಿರೋ ನೀರು ಇರಬಹುದು ಅಂದ್ಕೊಂಡೆ. ಆದ್ರೆ ನೀರು ಹಂಗೆ ಹೊಳೆಯೋದಿಲ್ಲ."

ರಂಗಪ್ಪ ಧಡಕ್ಕನೆ ಎದ್ದ. ಅವನ ಕಣ್ಣು ಕೆಂಪಗಿತ್ತು. "ನೋಡ್ದೋನು ಯಾಕ್ಲಾ ಬಾಯ್ ಬುಡ್ಲಿಲ್ಲ? ಒಂದ್ ಮಾತು ಕೂಗಿದ್ರೆ ಆಗ್ತಿತ್ತಲ್ಲೋ! ನಾನೇನ್ ನಿನ್ನ ತಿಂದ್ಬುಡ್ತಿದ್ನಾ?"

"ಎದ್ದೆ ಮೇಸ್ತ್ರಿ. ನೀವ್ ಅಲ್ಲಿಂದಾನೇ ನೋಡಿ, 'ಕುತ್ಕೊಳ್ಲಾ' ಅಂದ್ರಿ," ಎಂದ ನಯಾಜ್. ದನಿಯಲ್ಲಿ ಸಿಟ್ಟಿರಲಿಲ್ಲ. "ಕುತ್ಕೊಂಡೆ."

ನಯಾಜ್ ಹೊರಟುಹೋದ. ರಂಗಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ನಾನು ಅವನಿಗೆ ನೀರು ಕೊಟ್ಟೆ, ಅವನು ಕುಡಿಯಲಿಲ್ಲ. ನನಗೆ ಅವನ ಮೇಲೆ ಕೋಪ ಉಕ್ಕಿ ಬರುತ್ತಿತ್ತು, ಜೊತೆಗೇ ಅಯ್ಯೋ ಎಂದೂ ಅನ್ನಿಸುತ್ತಿತ್ತು. ಅವನು ಕೇಳಿದ ಪ್ರಶ್ನೆ ನಾಟಕದ್ದಲ್ಲ. ಆ ಕ್ಷಣದವರೆಗೂ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ತನಗೆ ಹೇಳಲು ಜನ ಹೆದರುತ್ತಾರೆ ಎಂದು.

ಆ ಸಂಜೆಯೇ ನಾನು ಯಜಮಾನರ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ, ರಂಗಪ್ಪನಿಗೆ ಶೆಡ್ಡಿನ ಅಧಿಕಾರ ಇದ್ದರೆ ನಾನಿರುವುದಿಲ್ಲ ಎಂದೆ. ಯಜಮಾನರು ತಮ್ಮ ಹಳೆಯ ಹಸುವಿನ ಮಾತನ್ನು ಆಡಲಿಲ್ಲ. ಸಿದ್ದಗಂಗಯ್ಯ ಅವರ ತಂದೆಯ ಕಾಲದಿಂದ ಇದ್ದವರು. "ಅವನನ್ನ ಪಂಪ್ ರೂಮಲ್ಲೇ ಬಿಟ್ಟಿದ್ರೆ," ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಮತ್ತೆ ಪಂಪ್ ರೂಮಿಗೆ ಹೋಗು ಎಂದು ಹೇಳಲು ನಾನು ಸಿದ್ಧನಾಗಿದ್ದೆ. ರಂಗಪ್ಪ ಅದಕ್ಕೆ ಒಪ್ಪಲಿಲ್ಲ. ತಾನಾಗಿ ಬಂದು ಕೆಲಸ ಬಿಡುತ್ತೇನೆ ಎಂದ. ಹೋಗುವ ಮೊದಲು ನನ್ನ ಮುಂದೆ ಬಲಗೈ ಚಾಚಿ ತೋರಿಸಿದ. ಎರಡು ಬೆರಳುಗಳ ಗೆಣ್ಣು ಸೊಟ್ಟಗಿತ್ತು. ಅಷ್ಟು ವರ್ಷ ಅವನ ಜೊತೆಯಿದ್ದೂ ನಾನು ಅದನ್ನು ಗಮನಿಸಿರಲಿಲ್ಲ.

"ನಂಗೆ ಕೆಲ್ಸ ಹೇಳ್ಕೊಟ್ಟೋನು ಪಾನಾದಲ್ಲೇ ಹೊಡೀತಿದ್ದ ಸಾಬ್ರೆ. ಹೊಡುದ್ರೇನೇ ಕೈ ಪಳಗೋದು ಅಂತ ನಂಬ್ಕೊಂಡಿದ್ದೆ. ನಾನ್ ಯಾರ ಮೇಲೂ ಕೈ ಎತ್ಲಿಲ್ವಲ್ಲ, ನಾನ್ ಒಳ್ಳೇವ್ನೇ ಅಂದ್ಕೊಂಡಿದ್ದೆ," ಎಂದ. ಅಷ್ಟು ಗಟ್ಟಿಯಾದ ಮನುಷ್ಯ ನನ್ನ ಮೇಜಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ನನಗೂ ತಡೆಯಲಾಗಲಿಲ್ಲ.

ಆಮೇಲೆ ಅವನು ಶಿರಾ ಗೇಟಿನ ಕಡೆ ಸ್ವಂತ ಗ್ಯಾರೇಜು ಇಟ್ಟ. ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಕೈಕೆಳಗೆ ಯಾರನ್ನೂ ಇಟ್ಟುಕೊಳ್ಳಲಿಲ್ಲ. ವಯಸ್ಸಾಗಿ ಭುಜ ಸೋತ ಮೇಲೂ ಗೇರ್ ಬಾಕ್ಸ್ ಒಬ್ಬನೇ ಇಳಿಸುತ್ತಿದ್ದ. ಅವನ ಪಂಪಿನ ವಿದ್ಯೆ ಅವನ ಜೊತೆಯಲ್ಲೇ ಮಣ್ಣಾಯಿತು.

ನಮ್ಮ ಶೆಡ್ಡಿನ ಕಥೆಯೂ ನೆಟ್ಟಗಾಗಲಿಲ್ಲ. ಅವನು ಹೋದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸುಗಳು ದಾರಿಯಲ್ಲಿ ನಿಂತವು, ಪಂಪುಗಳನ್ನು ಬೆಂಗಳೂರಿಗೆ ಕಳಿಸಬೇಕಾಯಿತು, ಅವನಿಂದ ಉಗಿಸಿಕೊಂಡವರೇ "ಮೇಸ್ತ್ರಿ ಇದ್ದಿದ್ರೆ" ಎಂದು ಅಂದರು. ನಯಾಜ್ ಇದ್ದಾನಲ್ಲ ಎಂದು ನಾನು ಧೈರ್ಯ ತಂದುಕೊಂಡಿದ್ದೆ. ಆ ತಿಂಗಳ ಕೊನೆಗೆ ಅವನೂ ಮನೆ ಖಾಲಿ ಮಾಡಿ, ಹೆಂಡತಿ ಮಗುವನ್ನು ಕರೆದುಕೊಂಡು ಕುಣಿಗಲ್ಲಿಗೆ ಹೊರಟುಹೋದ. ಭಾವನ ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬುವ ಕೆಲಸಕ್ಕೆ ಸೇರಿದ ಎಂದು ತಿಳಿಯಿತು.

1984ರಲ್ಲಿ ಹೆಡ್ ಮೆಕ್ಯಾನಿಕ್ ಜಾಗ ಮತ್ತೆ ಖಾಲಿಯಾದಾಗ ನಾನು ಅವನನ್ನು ಹುಡುಕಿಕೊಂಡು ಕುಣಿಗಲ್ಲಿಗೆ ಹೋದೆ. ತಲೆ, ಹುಬ್ಬು, ಅಂಗಿಯ ಮೇಲೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡು ಕೂತಿದ್ದ. ಚಹಾ ತರಿಸಿದ. ಬಾ ನಯಾಜ್, ಶೆಡ್ಡು ನಿನ್ನದೇ, ನಿನ್ನ ಮೇಲೆ ಯಾರೂ ಇಲ್ಲ ಎಂದೆ. ರಂಗಪ್ಪನೇ ನಿನ್ನನ್ನು ಮೇಸ್ತ್ರಿ ಆಗುವವನು ಎಂದಿದ್ದ ಎಂಬುದನ್ನೂ ಹೇಳಿದೆ. ಅವನು ಚಹಾದ ಗ್ಲಾಸನ್ನು ಕೆಳಗಿಟ್ಟ.

"ಅವರು ಹಂಗಂದಿದ್ರಾ?" ಎಂದು ಮಾತ್ರ ಕೇಳಿದ. ನಾನು ಹೌದೆಂದೆ. ಅವನು ಅಂಗಿಗಂಟಿದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಕಿತ್ತ. ಆಮೇಲೆ ಹೇಳಿದ್ದು ಮನೆಮಾತಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಂದು ವಿಷಯ ನಿಮಗೆ ಅವತ್ತು ಹೇಳಲಿಲ್ಲ ಸಾಬ್. ಟೈರಿನ ಮೇಲೆ ಕೂತವನ ಕಡೆ ಯಾರೂ ನೋಡುತ್ತಿರಲಿಲ್ಲ, ನೋಡಿದರೆ ಅವನಿಗೆ ಅವಮಾನ ಅಂತ. ಸಿದ್ದಗಂಗಣ್ಣ ಮಾತ್ರ ಗೇಟಿನಲ್ಲಿ ಬಸ್ ನಿಲ್ಲಿಸಿದರು. ಕಿಟಕಿಯಿಂದ ತಲೆ ಹಾಕಿ ನನ್ನನ್ನ ಕೇಳಿದರು." ಇಲ್ಲಿ ಅವನು ಕನ್ನಡಕ್ಕೆ ತಿರುಗಿದ. "'ಕಾಫಿ ಕುಡುದ್ಯೇನ್ಲಾ?' ಅಂದ್ರು. ಹೂಂ ಅಂದೆ. ಅಷ್ಟೊತ್ತೂ ಬಸ್ಸು ನನ್ನ ಮುಂದೇನೇ ನಿಂತಿತ್ತು ಸಾಬ್."

ನಾನು ಮತ್ತೆ ಕೆಲಸದ ಮಾತೆತ್ತಲಿಲ್ಲ. ಬಸ್ ನಿಲ್ದಾಣದವರೆಗೆ ಅವನೇ ಬಂದು ಹತ್ತಿಸಿದ. ಅವನು ಬಸ್ಸಿನ ಕಡೆ ನೋಡದೆ ನನ್ನ ಕಡೆಯೇ ನೋಡುತ್ತ ನಿಂತಿದ್ದ.

ಆ ಕಂಪನಿಯಲ್ಲೂ ಆಮೇಲೆ ಸೇರಿದ ಇನ್ನೊಂದು ಕಡೆಯೂ ನಾನು ಎಷ್ಟೋ ಜನರನ್ನು ಕೆಲಸಕ್ಕೆ ತೆಗೆದುಕೊಂಡೆ. ನಿಪುಣ ಎಂದು ಹೆಸರಾದ ಯಾರೇ ಬರಲಿ, ಅವನ ಕೈಕೆಲಸ ನೋಡುವ ಮೊದಲು ಅವನ ಹಳೆಯ ಜಾಗಕ್ಕೆ ಹೋಗಿ, ಅವನ ಕೈಕೆಳಗೆ ದುಡಿದವನೊಬ್ಬನನ್ನು ಚಹಾಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ನಿಮ್ಮ ಮೇಸ್ತ್ರಿ ಯಾವತ್ತಾದರೂ ತಪ್ಪು ಮಾಡಿದ್ದುಂಟೇ, ನೀನು ಅದನ್ನು ಅವರಿಗೆ ಹೇಳಿದೆಯಾ ಎಂದು ಕೇಳುತ್ತಿದ್ದೆ. ಹೌದು ಸಾರ್, ಒಂದ್ಸಲ ಹಿಂಗಾಯ್ತು ಎಂದು ಅವನು ನಗುತ್ತ ಶುರುಮಾಡಿದರೆ ಆ ಮೇಸ್ತ್ರಿಗೆ ಕೆಲಸ ಖಾಯಂ. ಆ ಕಡೆ ಈ ಕಡೆ ನೋಡಿ, ಅವರು ತಪ್ಪೇ ಮಾಡೋದಿಲ್ಲ ಸಾರ್ ಎಂದರೆ, ಚಹಾ ಮುಗಿಸಿ ಸುಮ್ಮನೆ ಎದ್ದು ಬರುತ್ತಿದ್ದೆ.